ಕಂಬಿ ಹಿಗ್ಗುವ ಜಾಗ

ಒಂದು ಊರಿನೊಳಗೆ ಇನ್ನೊಂದು ಊರಿತ್ತು. ಆ ಒಳಗಿನ ಊರನ್ನು ಕಟ್ಟಿದವನು ಒಬ್ಬ ಶ್ರೀಮಂತ. ಎಲ್ಲಿ ಕಟ್ಟಿದ? ತನ್ನ ಮಹಡಿಯ ಮೇಲಿನ ಶೀಟಿನ ಕೋಣೆಯಲ್ಲಿ, ಮೇಜಿನ ಮೇಲೆ! ಪುಟಾಣಿ ರೈಲಿನ ಊರು. ನಗಬೇಡಿ ತಾಯಂದಿರೇ, ನೋಡಿದ್ದರೆ ನೀವೂ ಕೈ ಮುಗಿಯುತ್ತಿದ್ದಿರಿ.

ಇಂಜಿನ್ನು ನಿಮ್ಮ ಹೆಬ್ಬೆರಳಿನಷ್ಟು ಎತ್ತರ. ಅದರೊಳಗೆ ಡ್ರೈವರ್ ಕೂತಿದ್ದ, ಅವನ ಕುತ್ತಿಗೆಗೆ ಕೆಂಪು ಕರವಸ್ತ್ರ! ಗುಡ್ಡ ಮಾಡಿದ್ದು ಹಳೇ ಪೇಪರನ್ನು ಗೋಂದಿನಲ್ಲಿ ನೆನೆಸಿ. ನೆಲಕ್ಕೆ ಏನು ಹಾಕಿದ್ದ ಗೊತ್ತೇ? ನಾವು ಸೋಸಿ ಚೆಲ್ಲುವ ಟೀ ಪುಡಿ, ಒಣಗಿಸಿ, ಜರಡಿ ಹಿಡಿದು. ಹೊಸ ಗೂಡ್ಸ್ ಡಬ್ಬಿಗೆ ತುಕ್ಕಿನ ಬಣ್ಣ ಬಳಿಯುತ್ತಿದ್ದ. ನೋಡಿ, ನಾವೆಲ್ಲ ಹಳೆಯದನ್ನು ಹೊಸದಾಗಿ ಕಾಣಿಸಲು ಒದ್ದಾಡುತ್ತೇವೆ. ಈ ಪುಣ್ಯಾತ್ಮ ಹೊಸದನ್ನು ಹಳೆಯದು ಮಾಡಲು ವಾರಗಟ್ಟಲೆ ಕೂರುತ್ತಿದ್ದ.

ಪ್ಲಾಟ್‌ಫಾರ್ಮಿನ ಜನರಿಗೆ ಬಣ್ಣ ಹಚ್ಚಿದವಳು ಅವನ ಹೆಂಡತಿ. ಬೆರಳಿನ ಒಂದು ಗೆಣ್ಣಿನಷ್ಟು ಮನುಷ್ಯರು. ಅಷ್ಟು ಚಿಕ್ಕ ಮುದುಕಿಯೊಬ್ಬಳ ಸೀರೆಗೆ ಆಕೆ ಅಂಚು ಬರೆದಿದ್ದಳು! ಆದರೆ ಈ ಮಹಾರಾಯ ಆಕೆಗೆ ಮಾತಾಡಲು ಬಿಟ್ಟರೆ ತಾನೇ? "ಈ ಮುದುಕಿ..." ಎನ್ನುವಷ್ಟರಲ್ಲಿ, "ಗೊತ್ತು ಬಿಡೇ, ಆ ಕಡೆ ನಿಲ್ಲಿಸ್ತೀನಿ." ಡಾಕ್ಟರು ಆಕೆಯನ್ನು "ಎಲ್ಲಿ ನೋವಮ್ಮಾ?" ಎಂದು ಕೇಳಿದರೂ ಉತ್ತರ ಇವನದೇ. ಕೊನೆಗೆ ಆಕೆ ಮಾತು ಬಿಟ್ಟಳು, ಮಹಡಿ ಹತ್ತುವುದನ್ನೂ ಬಿಟ್ಟಳು. ಮನೆಯಲ್ಲಿ ಇರುವುದೇ ಎರಡು ಜೀವ. ಅವನಿಗೆ ಊಟ ಸೇರದು, ಕಾರಣ ತಿಳಿಯದು.

ಅವನಿಗೊಂದು ಹಠವಿತ್ತು. ಕಂಬಿಯಲ್ಲಿ ಎಲ್ಲೂ ಸಂದು ಕಾಣಬಾರದು. ಪ್ರತಿ ಜೋಡಣೆಗೂ ಬೆಸುಗೆ ಹಾಕಿ, ಅರದಿಂದ ಉಜ್ಜಿ ನುಣ್ಣಗೆ ಮಾಡಿದ. ರೈಲು ಸದ್ದೇ ಇಲ್ಲದೆ ಜಾರುತ್ತಿತ್ತು. ಏಪ್ರಿಲ್ ಬಂತು, ಶೀಟು ಕಾಯಿತು. ಒಂದು ಮಧ್ಯಾಹ್ನ ಬಂದು ನೋಡುತ್ತಾನೆ, ಕಂಬಿಯೆಲ್ಲ ಸೊಟ್ಟ! ಇಂಜಿನ್ನು ಮಗುಚಿ ಬಿದ್ದಿದೆ!

ಜೀವಮಾನವಿಡೀ ರೈಲ್ವೆಯಲ್ಲಿ ಕಂಬಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿದ್ದ ಮುದುಕನೊಬ್ಬನನ್ನು ಕರೆಸಿದ. ಮುದುಕ ಆ ಊರನ್ನು ಕಂಡವನೇ ಬೆರಗಾಗಿ ಚಪ್ಪಲಿ ಬಿಟ್ಟ. ಆಮೇಲೆ ಕಂಬಿಯ ಮೇಲೆ ಉಗುರು ಎಳೆದ.

"ಸಂದೇ ಬುಟ್ಟಿಲ್ವಲ್ಲ ಸ್ವಾಮಿ?"

"ಸಂದು ಯಾಕೆ? ಅಸಹ್ಯ ಕಾಣುತ್ತೆ."

"ಬಿಸ್ಲಿಗೆ ಕಬ್ಣ ಹಿಗ್ತದೆ. ಹಿಗ್ಗಕ್ಕೆ ಜಾಗ ಕೊಡ್ದಿದ್ರೆ ಸೊಟ್ಟಗಾಯ್ತದೆ. ಕಬ್ಣದ್ದೇನು ತಪ್ಪು?"

ಶ್ರೀಮಂತ ಹೊಸ ಕಂಬಿ ಹಾಸಿ, ಅಲ್ಲಲ್ಲಿ ಸಣ್ಣ ಗರಗಸದಿಂದ ಸಂದು ಕೊಯ್ದ. ಕಂಬಿಯಲ್ಲಿ ಹರಿದು ರೈಲು ಓಡಿಸುವ ಕರೆಂಟು ತಪ್ಪದಂತೆ ಅಡಿಯಿಂದ ತಂತಿ ಕೊಟ್ಟ. ಮೇಲೆ ಸಂದು, ಕೆಳಗೆ ನಂಟು. ರೈಲು ಬಿಟ್ಟ. ಟಕ ಟಕ, ಟಕ ಟಕ! ಅವನ ಮೈ ಜುಮ್ಮೆಂದಿತು. ಮೊದಲ ಸಲ ಅದು ನಿಜವಾದ ರೈಲಿನಂತೆ ಕೇಳಿಸಿತು.

ಆ ಸದ್ದಿಗೆ ಹೆಂಡತಿ ಮಹಡಿ ಹತ್ತಿ ಬಂದಳು. ಬಾಗಿಲಲ್ಲೇ ನಿಂತು, "ಏನ್ರೀ, ಈ ಸದ್ದು..." ಎಂದಳು. ಇವನ ನಾಲಿಗೆಯ ತುದಿಗೆ ಉತ್ತರ ಬಂದೇಬಿಟ್ಟಿತ್ತು. ಕಣ್ಣು ಆ ಸಂದಿನ ಮೇಲೆ ಬಿತ್ತು, ಬಾಯಿ ಮುಚ್ಚಿದ. ರೈಲು ಒಂದು ಸುತ್ತು ಹೋಯಿತು. ಇನ್ನೊಂದು ಸುತ್ತು ಹೋಯಿತು.

ಆಗ ಆಕೆ ಹೇಳಿದಳು: "ಆ ಅಂಚು ಸೀರೆ ಮುದುಕಿ ನಮ್ಮಮ್ಮ ಕಣ್ರೀ. ಮದ್ವೆಯಾಗಿ ನಿಮ್ಮ ಜೊತೆ ರೈಲು ಹತ್ತಿದಾಗ ಹಾಗೇ ನಿಂತಿದ್ಲು. ಆಮೇಲೆ ನಾನು ಅವಳನ್ನ ಜೀವಂತ ನೋಡ್ಲಿಲ್ಲ."

ಅವನಿಗೆ ಗೊತ್ತೇ ಇರಲಿಲ್ಲ! ತಾನು ಕಟ್ಟಿದ ಊರಿನಲ್ಲಿ ತನ್ನ ಅತ್ತೆಯೇ ನಿಂತಿದ್ದಳು, ಅವನಿಗೆ ಗೊತ್ತಿರಲಿಲ್ಲ.

ನಮಗೆ ಗೊತ್ತೇ, ನಮ್ಮ ಮನೆಯಲ್ಲಿ ಯಾರ ಮನಸ್ಸಿನಲ್ಲಿ ಯಾರು ನಿಂತಿದ್ದಾರೆ ಅಂತ? ಕಬ್ಬಿಣ ಹಿಗ್ಗುತ್ತದೆ ಅನ್ನುತ್ತೇವೆ, ಮನಸ್ಸು ಹಿಗ್ಗಿತು ಅಂತಲೂ ಅನ್ನುತ್ತೇವೆ. ಮಾತು ಒಂದೇ. ಎರಡಕ್ಕೂ ಜಾಗ ಬೇಕು. ಇವತ್ತು ಊಟಕ್ಕೆ ಕೂತಾಗ ಹೆಂಡತಿಯನ್ನೋ, ಅತ್ತೆಯನ್ನೋ, ಮಗಳನ್ನೋ ಒಂದು ಮಾತು ಕೇಳಿ. ಕೇಳಿದ ಮೇಲೆ? ಸುಮ್ಮನಿರಿ! ಉತ್ತರ ತಡವಾದರೆ ನೀವೇ ತುಂಬಬೇಡಿ. ಅನ್ನ ಆರಿದರೂ ಪರವಾಗಿಲ್ಲ, ಕಾಯಿರಿ.

ಒಂದು ಗಂಟೆಯಿಂದ ನಾನೊಬ್ಬನೇ ಮಾತಾಡಿದೆ. ಈಗ ಬಾಯಿ ಮುಚ್ಚುತ್ತೇನೆ. ಪಕ್ಕದಲ್ಲಿ ಕೂತವರು ಏನೋ ಹೇಳಬೇಕೆಂದಿದ್ದಾರೆ, ಕೇಳಿ.