ದೋಣಿಯ ಅಂಚಿನ ಕೈ

ಅಧ್ಯಕ್ಷರಾದ ಮಾಣಿಕಪ್ಪನವರೇ, ಬಸವಕಲ್ಯಾಣದಿಂದ ಬಂದಿರುವ ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಚಿತ್ರಕಲಾ ಶಿಕ್ಷಕ ಮಹೆಬೂಬ ಸರ್ ಅವರೇ, ಅವರ ಮನೆಯವರಾದ ಹಜಿರಾ ಬೀ ಅವರೇ, ಸಭಿಕರೇ,

ಮುಖ್ಯೋಪಾಧ್ಯಾಯಿನಿಯಾಗಿ ನಾನು ಹೊಗಳಿಕೆಯ ಮಾತು ಬರೆದುಕೊಂಡು ಬಂದಿದ್ದೆ. ಅದು ಕೈಚೀಲದಲ್ಲೇ ಇರಲಿ.

ವೇದಿಕೆಯ ಮೇಲಿರುವ ಈ ಚಿತ್ರ ನೋಡಿ. ಕಲ್ಯಾಣದ ಹಳೆಯ ಮನೆತನವೊಂದು ಶಾಲೆಗೆ ಕೊಟ್ಟ, ಇನ್ನೂರು ವರ್ಷ ಹಿಂದಿನ ವಿಲಾಯತಿ ತೈಲಚಿತ್ರ. ಯಾವುದೋ ನದಿ, ಯಾವುದೋ ಯುದ್ಧ, ಉರಿಯುವ ಹಡಗುಗಳು, ನಡುವೆ ಒಂದು ಸಣ್ಣ ದೋಣಿ. ಹುಮನಾಬಾದಿನ ಎಷ್ಟೋ ಮಕ್ಕಳು ಮೊದಲ ಹಡಗು ಕಂಡದ್ದು ಇಲ್ಲೇ. ಅದೂ ಮುಳುಗುತ್ತಿರುವ ಹಡಗು!

ಪ್ರತಿ ವಾರ್ಷಿಕೋತ್ಸವಕ್ಕೆ ಮುಂಚೆ ಸರ್ ಇದರ ಕೊಳೆ ತೆಗೆಯಲು ಹೆಚ್ಚಿದ ಉಳ್ಳಾಗಡ್ಡಿಯಿಂದ ಒರೆಸುತ್ತಿದ್ದರು. ಕೆಳಗೆ, ನಡುನೀರಿನಲ್ಲಿ, ಒಬ್ಬ ಸೈನಿಕ ಕೈ ಎತ್ತಿದ್ದ. ಮಕ್ಕಳು ಹೆದರುತ್ತಾರೆ, ಅವನು ಕಾಣದಂತೆ ಮೇಲೆ ನದಿಯ ನೀರಿನ ಬಣ್ಣ ಬಳಿಯಿರಿ ಎಂದು ಮೂರು ವರ್ಷದ ಹಿಂದೆ ನಾನೇ ಹೇಳಿದೆ. ಹೆದರಿದ್ದು ಮಕ್ಕಳೇ? ಚಿಕ್ಕಂದಿನಲ್ಲಿ ಕೊಡಂಬಲದ ಬಾವಿಯಲ್ಲಿ ಮುಳುಗುವಾಗ ನನ್ನ ತಮ್ಮ ಹಾಗೇ ಕೈ ಎತ್ತಿದ್ದ. ಆಡುತ್ತಿದ್ದಾನೆ ಎಂದುಕೊಂಡು ನಾನೂ ದಂಡೆಯಿಂದ ಕೈ ಬೀಸಿದೆ.

ಇರಲಿ. ಕಳೆದ ವರ್ಷ ಒರೆಸಿದ ಮೇಲೆ, ಬಳಿದು ಮುಚ್ಚಿದ್ದ ಆ ಕೈ ಮತ್ತೆ ಕಂಡಿತು. ಸರ್ ಬೇಕೆಂದೇ ಬರೆದಿದ್ದಾರೆ ಎಂದುಕೊಂಡು ಅವರನ್ನು ಕರೆಸಿದೆ.

“ಮೇಡಂ, ನೀರು ಬಳದಾಂವ ನಾನ್ರಿ. ಕೈ ಬರದಾಂವ ನಾ ಅಲ್ರಿ.”

“ಮತ್ತ್ಯಾರು ಬರದ್ರು ಸರ್?”

“ಅವಂಗ ಕೇಳ್ರಿ. ಮ್ಯಾಲ ಬರಾಕತ್ತಾನ.”

ಚೇಷ್ಟೆ ಎಂದುಕೊಂಡು ನೋಟಿಸ್ ಕೊಟ್ಟೆ. ಮೂವತ್ತೊಂದು ವರ್ಷದ ಸೇವಾ ಪುಸ್ತಕದಲ್ಲಿ ಅದೊಂದೇ ಕಪ್ಪು ಚುಕ್ಕೆ. ಚಿತ್ರವನ್ನು ನನ್ನ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಕೀಲಿ ನನ್ನ ಹತ್ತಿರವೇ ಇತ್ತು. ಒರೆಸಿ ಒರೆಸಿ ಮೇಲಿನ ಬಣ್ಣ ಸವೆದು ಹಳೆಯ ಕೈ ಕಂಡಿರಬೇಕು ಎಂದು ಆಮೇಲೆ ಹೊಳೆಯಿತು. ಆದರೂ ನೋಟಿಸ್ ಹಿಂದಕ್ಕೆ ಪಡೆಯಲಿಲ್ಲ. ಯಾಕೆ? ತಪ್ಪಾಯಿತು ಎಂದರೆ, ಯಾಕೆ ಅಳಿಸಲು ಹೇಳಿದಿರಿ ಎಂಬ ಪ್ರಶ್ನೆ ಬರುತ್ತಿತ್ತು.

ಇಂದು ಬೆಳಿಗ್ಗೆ ಬೀಗ ತೆಗೆದೆ. ನಡುನೀರಿನಲ್ಲಿದ್ದ ಕೈ ಈಗ ದೋಣಿಯ ಅಂಚು ಹಿಡಿದಿದೆ. ಮುಂದಿನ ಸಾಲಿನವರಿಗೆ ನಾಲ್ಕು ಬೆರಳೂ ಕಾಣುತ್ತಿರಬೇಕು. ಬಣ್ಣ ಸವೆಯುತ್ತದೆ, ಒಪ್ಪಿದೆ. ಕೈ ಮುಂದೆ ಬರುತ್ತದೆಯೇ?

ಮಹೆಬೂಬ ಸರ್, ಆ ನೋಟಿಸನ್ನು ಈ ಸಭೆಯ ಮುಂದೆ ಹಿಂದಕ್ಕೆ ಪಡೆಯುತ್ತಿದ್ದೇನೆ. ಸೇವಾ ಪುಸ್ತಕದಲ್ಲೂ ಬರೆದು ಸಹಿ ಹಾಕಿದ್ದೇನೆ. ಶಾಲು ಹೊದಿಸುವ ಮುಂಚೆ ಕ್ಷಮೆ ಕೇಳುತ್ತೇನೆ. ಶಾಲೆಯವರಲ್ಲಿ ಒಂದೇ ಕೋರಿಕೆ: ಇನ್ನು ಈ ಚಿತ್ರವನ್ನು ಯಾರೂ ಒರೆಸಬೇಡಿ, ಬಳಿಯಬೇಡಿ, ಬೀಗ ಹಾಕಬೇಡಿ.

ಅವನು ಹತ್ತಲಿ.

ಇಷ್ಟು ಹೊತ್ತು ಸುಮ್ಮನೆ ಕೇಳಿದ ನಿಮಗೆಲ್ಲ ಋಣಿ. ನಮಸ್ಕಾರ.