ಜೇಡದ ಕಣ್ಣಿನೊಳಗೆ ಇಬ್ಬರು

ಮರುಭೂಮಿಯ ಅಂಚಿನ ಊರು ತತಾವೀನಿನ ವ್ಯಾನ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ಮುದುಕಿಯೂ ಅವಳ ಮಗನ ಗೆಳೆಯನೂ ಕುಳಿತಿದ್ದರು. ಅವನ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನ ಪರದೆಯ ತುಂಬ ಒಂದು ಜೇಡದ ಮುಖ.

“ಇದೇ ಕೊನೇ ಫೋಟೋ, ಖಾಲಾ. ಕ್ಯಾಮೆರಾ ಅವನ ಪಕ್ಕದಲ್ಲೇ ಮರಳಲ್ಲಿ ಬಿದ್ದಿತ್ತು.”

“ನೀರು ಮುಗಿದು ಸಾಯ್ತಿರೋವಾಗ್ಲೂ ಹುಳದ ಹಿಂದೆ ಹೋಗಿದ್ನಾ ನನ್ನ ನೌಫಲ್? ಹುಚ್ಚು ಮುಂಡೇದು!”

“ಜೇಡ ಕಂಡ್ರೆ ಅವನಿಗೆ ಬಾಯಾರಿಕೆನೂ ಮರೆತುಹೋಗ್ತಿತ್ತು.”

“ಆ ಕಣ್ಣು ಇನ್ನೂ ದೊಡ್ಡದು ಮಾಡು. ಒಳಗೆ ಕಾಣ್ತಿರೋದು ಅವನೇ ಅಲ್ವಾ?”

“ಹೌದು. ಬೋರಲು ಮಲಗಿ ಫೋಟೋ ತೆಗೀತಿದಾನೆ.”

“ಹಿಂದೆ ನಿಂತಿರೋದು ಯಾರು, ಲಝಾರ್?”

ಅವನು ಪರದೆಯನ್ನು ತುಸು ತನ್ನ ಕಡೆ ತಿರುಗಿಸಿಕೊಂಡ.

“ಬಂಡೆ ಇರ್ಬೇಕು, ಖಾಲಾ. ಅವನು ಒಬ್ಬನೇ ಹೋಗಿದ್ದ.”

“ಬಂಡೆ ತಲೆಗೆ ರುಮಾಲು ಸುತ್ಕೊಳ್ಳುತ್ತಾ? ನಿಜ ಹೇಳು.”

“ಹುಡುಕ್ಕೊಂಡು ಹೋದಾಗ ನಾನೇ ನೋಡಿದೀನಿ, ಅಲ್ಲಿ ಬಂಡೆನೇ ಇಲ್ಲ. ಅವನ ಹೆಜ್ಜೆ ಬಿಟ್ರೆ ಬೇರೆ ಯಾರ ಹೆಜ್ಜೇನೂ ಇರ್ಲಿಲ್ಲ.”

ವ್ಯಾನಿನ ಚಾಲಕ ತಾನು ಹೋಗುವ ಊರಿನ ಹೆಸರು ಹಿಡಿದು “ಗಾಬೆಸ್, ಗಾಬೆಸ್” ಎಂದು ಕೂಗಿದ. ಮುದುಕಿ ಎದ್ದಳು.

“ಇದನ್ನ ಯಾರಿಗೂ ತೋರಿಸ್ಬೇಡಪ್ಪ. ಕೊನೇಲಿ ಅವನ ಹತ್ರ ಯಾರೋ ಇದ್ರು ಅಂದ್ಕೊಂಡು ನಾನು ನಿದ್ದೆ ಮಾಡ್ತೀನಿ.”

“ಇದ್ದವರು ಒಂದು ಗುಟುಕು ನೀರು ಕೊಡ್ಬೋದಿತ್ತಲ್ಲ, ಖಾಲಾ,” ಎಂದು ಅವನು ಮೆಲ್ಲಗೆ ಹೇಳಿದ.

ಅವಳು ಆಗಲೇ ವ್ಯಾನ್ ಹತ್ತಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ಅವನೂ ಹತ್ತಿದ.