ನೀಲಿ ನಕ್ಷತ್ರ ಮತ್ತು ಅಕ್ಕನ ಕನ್ನಡಕ

ಮಾನ್ಯ ಅಧ್ಯಕ್ಷರೇ, ನನ್ನನ್ನು ವಿಪರೀತ ಹೊಗಳಿಬಿಟ್ಟ ಮುಖ್ಯ ಅತಿಥಿಗಳೇ, ವೀಕ್ಷಣಾಲಯದ ಗೆಳೆಯರೇ, ಕಾಫಿ ಯಾವಾಗ ಬರುತ್ತದೋ ಎಂದು ಬಾಗಿಲ ಕಡೆ ನೋಡುತ್ತಿರುವ ಸಭಿಕರೇ,

ಮೂವತ್ತೈದು ವರ್ಷ ದುಡಿಸಿಕೊಂಡು ಇವತ್ತು ನನ್ನನ್ನು ಬೀಳ್ಕೊಡುತ್ತಿದ್ದೀರಿ. ಸನ್ಮಾನ ಪತ್ರದಲ್ಲಿ 'ನೀಲಿಯ ಏರಿಳಿತವನ್ನು ಕಂಡುಹಿಡಿದವರು' ಎಂದು ಅಚ್ಚು ಹಾಕಿಸಿದ್ದೀರಿ. ಏನಿದು ನೀಲಿ? ಸೂರ್ಯನಿಗಿಂತ ಇಪ್ಪತ್ತು ಪಟ್ಟು ಭಾರದ, ಬಲು ಬಿಸಿಯಾದ, ಮುಪ್ಪಿಗೆ ಬಂದ ಒಂದು ನಕ್ಷತ್ರ. ನಾವಿಟ್ಟ ಅಡ್ಡಹೆಸರು ಅದು. ಇಂಥವುಗಳ ಹೊರಮೈ ಸುಮ್ಮನಿರುವುದಿಲ್ಲ. ನೀರು ಕುದಿಯುವಾಗ ಮುಚ್ಚಳ ಏಳುವ ಹಾಗೆ ಏಳುತ್ತದೆ, ಕೂರುತ್ತದೆ. ಬೆಳಕು ಕೆಲವು ದಿನ ಹೆಚ್ಚುತ್ತದೆ, ಕೆಲವು ದಿನ ಇಳಿಯುತ್ತದೆ. ಇದು ಈಗ ಗೊತ್ತು. ಆಗ ನಮಗೆ ಗೊತ್ತಿತ್ತೇ?

ಆಗ, ಬೆಳಕು ಬದಲಾಗದ ನಕ್ಷತ್ರ ಎಂದು ನಂಬಿ, ನೀಲಿಯನ್ನೇ ಅಳತೆಗೋಲು ಮಾಡಿಕೊಂಡಿದ್ದೆವು. ಎಂಥ ಕಾಲ ಅದು! ಆಕಾಶದ ಚಿತ್ರಗಳೆಲ್ಲ ಗಾಜಿನ ಪ್ಲೇಟುಗಳ ಮೇಲೆ. ಹಗಲು ಹೊತ್ತು, ಉತ್ತರದ ಕಿಟಕಿಯ ಕೋಣೆಯಲ್ಲಿ, ಅಕ್ಕ ಭೂತಗನ್ನಡಿ ಹಿಡಿದು ಅಕ್ಕಪಕ್ಕದ ನಾಲ್ಕು ನಕ್ಷತ್ರಗಳ ಚುಕ್ಕೆಗಳನ್ನು ನೀಲಿಯ ಚುಕ್ಕೆಯ ಜೊತೆ ಹೋಲಿಸಿ, ಹೊಳಪು ಎಷ್ಟೆಂದು ಅಂಕಿ ಬರೆಯುತ್ತಿದ್ದರು. ಒಡಹುಟ್ಟಿದ ಅಕ್ಕ ಅಲ್ಲ, ಇಡೀ ಕಚೇರಿಗೇ ಅಕ್ಕ. ಅವರು ಪೆನ್ಸಿಲ್ ಚೂಪು ಮಾಡುವಾಗಿನ ಮರದ ವಾಸನೆ ಈಗಲೂ ಮೂಗಿಗೆ ಬರುತ್ತದೆ.

ಒಂದು ಸಲ ಅಕ್ಕನ ಅಂಕಿಗಳು ದಿನಕ್ಕೊಂದು ರೀತಿ ಕುಣಿಯತೊಡಗಿದವು. ನಾನು ಹೊಸ ಅಧಿಕಾರಿ, ನೆಲ ಕಾಣದ ವಯಸ್ಸು. ಕೆಂಪು ಪೆನ್ಸಿಲಿನಲ್ಲಿ ಸಾಲುಸಾಲೇ ಹೊಡೆದುಹಾಕಿದೆ.

"ನಾಲ್ಕು ನಕ್ಷತ್ರಾನೂ ಒಂದೇ ದಿನ ಹೊಳೆದು ಒಂದೇ ದಿನ ಮಂಕಾಗೋಕೆ ಅವೇನು ಮಾತಾಡ್ಕೊಂಡಿದಾವಾ ಸಾರ್? ನಿಮ್ಮ ನೀಲೀನೇ ಒಂದ್ಸಲ ಅಳೆದು ನೋಡಿ" ಅಂದರು ಅಕ್ಕ.

"ಅಳತೆಗೋಲನ್ನೇ ಯಾರಾದ್ರೂ ಅಳೀತಾರಾ? ಹೋಗಿ ಕಣ್ಣು ತೋರಿಸ್ಕೊಳ್ಳಿ" ಅಂದೆ. ಎಲ್ಲರೂ ನಕ್ಕರು. ಅಕ್ಕನೂ ನಕ್ಕರು.

ಮುಂದಿನ ವಾರ ಕನ್ನಡಕ ಹಾಕಿಕೊಂಡು ಬಂದರು. ಅಂಕಿಗಳು ಹಾಗೆಯೇ ಕುಣಿದವು. 'ಇವರ ದೃಷ್ಟಿ ಸಾಲದು' ಎಂದು ಬರೆದುಕೊಟ್ಟವನು ನಾನೇ. ಅವರನ್ನು ಕೆಳಗಿನ ದಾಸ್ತಾನು ಕೋಣೆಗೆ ಹಾಕಿದರು. ನಿವೃತ್ತಿಯವರೆಗೆ, ಒಂಬತ್ತು ವರ್ಷ, ಅಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿದರು.

ಅವರು ನಿವೃತ್ತರಾದ ಮೇಲೆ ಬೆಳಕು ಅಳೆಯುವ ಹೊಸ ಯಂತ್ರ ಬಂತು. ಕುಣಿದದ್ದು ಆ ನಾಲ್ಕಲ್ಲ, ನೀಲಿ! ಅಕ್ಕನ ಹಳೆಯ ಪುಸ್ತಕ ತೆಗೆದರೆ ನನ್ನ ಕೆಂಪು ಗೆರೆಗಳ ಕೆಳಗೆ ಎಲ್ಲವೂ ಇತ್ತು. ಆ ಅಂಕಿಗಳನ್ನೇ ಇಟ್ಟುಕೊಂಡು ಲೇಖನ ಬರೆದೆ. ಅವರ ಹೆಸರು... ಜಾಗ ಇರಲಿಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಒಂದು ಹೆಸರಿಗೆ ಎಷ್ಟು ಜಾಗ ಬೇಕು? ಇದನ್ನೆಲ್ಲ ಹೇಳಲು ಬರೆದುಕೊಂಡು ಬಂದಿರಲಿಲ್ಲ. ಸ್ವಲ್ಪ ನೀರು ಕೊಡಿ.

ಮೊನ್ನೆ ಆಮಂತ್ರಣ ಕೊಡಲು ಅವರ ಮನೆಗೆ ಹೋಗಿದ್ದೆ. ಡ್ರಾಯರಿನಿಂದ ಆ ಕನ್ನಡಕ ತೆಗೆದು ನನ್ನ ಮೂಗಿಗೇರಿಸಿದರು. ಆಮಂತ್ರಣದ ಅಕ್ಷರ ದೊಡ್ಡದೂ ಆಗಲಿಲ್ಲ, ಚಿಕ್ಕದೂ ಆಗಲಿಲ್ಲ.

"ಬರೀ ಗಾಜು ಸಾರ್. ಕಣ್ಣಿಗೇನೂ ಆಗಿಲ್ಲ ಅಂದಿದ್ರು ಡಾಕ್ಟ್ರು. ಹಾಕ್ಕೊಂಡ್ರೆ ನೀವು ನಂಬ್ತೀರೇನೋ ಅಂತ ಹಾಕಿಸ್ಕೊಂಡೆ."

ಸಭಿಕರೇ, ನನಗೆ ನಾಚಿಕೆಯಾಗುತ್ತಿದೆ. ಹಳೆಯ ಚಾಳಿ, ಕೆಂಪು ಪೆನ್ಸಿಲ್ ಜೇಬಿನಲ್ಲೇ ಇದೆ. ಈ ಸನ್ಮಾನ ಪತ್ರದಲ್ಲಿ ನನ್ನ ಹೆಸರಿನ ಮೇಲೆ, ನೋಡಿ, ಗೆರೆ ಎಳೆದೆ. ಅಕ್ಕಾ, ಮೂರನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂರಬೇಡಿ. ಮೇಲೆ ಬನ್ನಿ, ನಿಮ್ಮ ಕೈಯಾರೆ ಸರಿಯಾದ ಹೆಸರು ಬರೆಯಿರಿ. ಈ ಸಲ ನಾನು ಹೊಡೆದುಹಾಕುವುದಿಲ್ಲ.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ಧನ್ಯವಾದ. ನಮಸ್ಕಾರ ಮಾತ್ರ ಮೊದಲು ಅಕ್ಕನಿಗೆ, ಆಮೇಲೆ ನಿಮಗೆ.